ರೈಲು ನಿಂತ ದಿನದ ಪುಟ

ನಮಸ್ಕಾರ. ಸಾರಿಗೆ ಸಂಸ್ಥೆಯೊಂದಕ್ಕೆ ವೆಬ್ ಡಿಸೈನ್ ಸಿಸ್ಟಮ್, ಅಂದರೆ ಎಲ್ಲ ಪುಟಗಳೂ ಹಂಚಿಕೊಳ್ಳುವ ಬಣ್ಣ, ಅಕ್ಷರ, ಬಟನ್‌ಗಳ ವ್ಯವಸ್ಥೆ, ಕಟ್ಟಬೇಕು ಅಂದಾಗ ಎಲ್ಲರೂ ಮೊದಲು ಬಟನ್ ಬಿಡಿಸಲು ಕೂರುತ್ತಾರೆ. ನಾನು ಹೇಳುವುದು, ಮೊದಲು ರೈಲು ನಿಂತ ದಿನದ ಪುಟ ಬಿಡಿಸಿ ಅಂತ. ಯಾಕೆ ಅನ್ನುವುದಕ್ಕೆ ಲಂಡನ್ ನೋಡೋಣ.

ಅಲ್ಲಿ ವೆಬ್ ಹುಟ್ಟುವ ಎಷ್ಟೋ ಮೊದಲೇ ಈ ಕೆಲಸ ಶುರುವಾಗಿತ್ತು. 1913ರಲ್ಲಿ ಫ್ರಾಂಕ್ ಪಿಕ್ ಎಂಬ ಅಧಿಕಾರಿ ಎಡ್ವರ್ಡ್ ಜಾನ್‌ಸ್ಟನ್ ಅವರಿಗೆ ಅಂಡರ್‌ಗ್ರೌಂಡ್ ರೈಲಿಗೇ ಆದ ಅಕ್ಷರಗಳನ್ನು ಬರೆಯುವ ಕೆಲಸ ವಹಿಸಿದರು. 1933ರಲ್ಲಿ ಹ್ಯಾರಿ ಬೆಕ್ ಬಿಡಿಸಿದ ಅಂಡರ್‌ಗ್ರೌಂಡ್ ನಕ್ಷೆ ಜನರ ಕೈಗೆ ಬಂತು. 2016ರಲ್ಲಿ ಅದೇ ಅಕ್ಷರಗಳನ್ನು ಜಾನ್‌ಸ್ಟನ್100 ಎಂಬ ಹೆಸರಿನಲ್ಲಿ ತಿದ್ದಿ ಹೊಸದು ಮಾಡಿದರು, ಸ್ಕ್ರೀನ್‌ಗೆ ಬೇಕಾದ ತೆಳು ರೂಪಗಳೂ ಸೇರಿದವು. ಇಷ್ಟು ದೊಡ್ಡ ಆಸ್ತಿ ಇದ್ದರೆ ಕೆಲಸ ಸುಲಭ ಅಲ್ವಾ? ಇಲ್ಲ. ಆಸ್ತಿಯ ಜೊತೆ ಸಾಲವೂ ಬರುತ್ತದೆ.

ಆ ಸಾಲ ಬಣ್ಣದ್ದು. ಅಂಡರ್‌ಗ್ರೌಂಡ್‌ನ ಪ್ರತಿ ಲೈನಿಗೂ, ಅಂದರೆ ಮಾರ್ಗಕ್ಕೂ, ಒಂದು ಬಣ್ಣ. ಸೆಂಟ್ರಲ್ ಲೈನ್ ಕೆಂಪು, ಸರ್ಕಲ್ ಲೈನ್ ಹಳದಿ, ಡಿಸ್ಟ್ರಿಕ್ಟ್ ಲೈನ್ ಹಸಿರು. ನಾವು ಬೇರೆ ವೆಬ್‌ಸೈಟ್‌ಗಳಲ್ಲಿ ತೊಂದರೆಗೆ ಕೆಂಪು, ಎಚ್ಚರಿಕೆಗೆ ಹಳದಿ, ಎಲ್ಲ ಸರಿ ಅನ್ನಲು ಹಸಿರು ಬಳಸುತ್ತೇವೆ. ಇಲ್ಲಿ ಮೂರೂ ಖರ್ಚಾಗಿ ಹೋಗಿವೆ! ಸೆಂಟ್ರಲ್ ಲೈನ್ ಚೆನ್ನಾಗಿಯೇ ಓಡುತ್ತಿದ್ದರೂ ಅದರ ಪಟ್ಟಿ ಕೆಂಪಗೇ ಇರುತ್ತದೆ. ಹಾಗಾಗಿ ಸ್ಥಿತಿಯನ್ನು ಬಣ್ಣದಿಂದ ಮಾತ್ರ ಹೇಳುವಂತಿಲ್ಲ. ಐಕಾನ್ ಬೇಕು, ಪಕ್ಕದಲ್ಲಿ ಪದವೂ ಬೇಕು. ಬಣ್ಣಗುರುಡು ಇರುವವರಿಗೂ ಇದೇ ದಾರಿ.

ಹಳದಿಯದ್ದು ಇನ್ನೊಂದು ತಲೆನೋವು. ಸಾಮಾನ್ಯ ಅಳತೆಯ ಅಕ್ಷರಕ್ಕೂ ಅದರ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸದ ಅನುಪಾತ) ಇರಬೇಕು ಎಂದು ವೆಬ್ ಸುಗಮ್ಯತೆಯ, ಅಂದರೆ ಅಂಗವೈಕಲ್ಯ ಇರುವವರೂ ಬಳಸುವಂತಿರಬೇಕು ಅನ್ನುವ, ಮಾನದಂಡ ಹೇಳುತ್ತದೆ. ಬ್ರಿಟನ್ನಿನ ಸಾರ್ವಜನಿಕ ಸಂಸ್ಥೆಗಳ ವೆಬ್‌ಸೈಟ್‌ಗಳಿಗೆ 2018ರಿಂದ ಸುಗಮ್ಯತೆಯ ಕಾನೂನೇ ಇದೆ. ಸರ್ಕಲ್ ಲೈನ್ ಹಳದಿಯ ಮೇಲೆ ಬಿಳಿ ಅಕ್ಷರ ಬರೆದರೆ ಆ ಲೆಕ್ಕ 2ನ್ನೂ ಮುಟ್ಟುವುದಿಲ್ಲ. ಅದಕ್ಕೇ ಅಲ್ಲಿ ಕಡುನೀಲಿ ಅಕ್ಷರ ಬಳಸುತ್ತಾರೆ. ಅಂದರೆ ಡಿಸೈನ್ ಟೋಕನ್‌ನಲ್ಲಿ (ಎಲ್ಲ ಪುಟಗಳೂ ಬಳಸುವಂತೆ ಒಂದೇ ಕಡೆ ಹೆಸರಿಟ್ಟು ಬರೆದ ಬೆಲೆ) ಲೈನಿನ ಬಣ್ಣ ಬರೆದಿಟ್ಟರೆ ಸಾಲದು, ಅದರ ಮೇಲೆ ಕೂರುವ ಅಕ್ಷರದ ಬಣ್ಣವನ್ನೂ ಜೋಡಿ ಮಾಡಿ ಬರೆದಿಡಬೇಕು. 2024ರಲ್ಲಿ ಲಂಡನ್ ಓವರ್‌ಗ್ರೌಂಡ್ ಎಂಬ ಇನ್ನೊಂದು ರೈಲು ಜಾಲ ಒಂದೇ ಕಿತ್ತಳೆ ಬಣ್ಣದಿಂದ ಆರು ಹೆಸರು, ಆರು ಬಣ್ಣಗಳಾಯಿತು. ಬಣ್ಣದ ಕೋಡನ್ನು ನೂರಾರು ಪುಟಗಳಲ್ಲಿ ಕೈಯಿಂದ ಬರೆದಿದ್ದರೆ ಅಂಥ ದಿನ ಏನು ಗತಿ, ಯೋಚಿಸಿ.

ಈಗ ರೈಲು ನಿಂತ ದಿನಕ್ಕೆ ಬರೋಣ. ಡಿಸೈನರ್ ಮಾದರಿ ಚಿತ್ರದಲ್ಲಿ ಎಲ್ಲ ಲೈನ್‌ಗಳೂ ಚೆನ್ನಾಗಿ ಓಡುತ್ತಿರುತ್ತವೆ, ಪ್ರತಿ ಸಾಲೂ ಒಂದೇ ಉದ್ದ. ನಿಜದಲ್ಲಿ ಬರುವ ಸುದ್ದಿ ಹೀಗಿರುತ್ತದೆ: “ಅರ್ಲ್ಸ್ ಕೋರ್ಟ್ ಮತ್ತು ವಿಂಬಲ್ಡನ್ ನಡುವೆ ರೈಲು ಇಲ್ಲ, ಉಳಿದ ಕಡೆ ಸ್ವಲ್ಪ ತಡ.” ಒಂದೇ ಡಿಸ್ಟ್ರಿಕ್ಟ್ ಲೈನ್, ಎರಡು ಸ್ಥಿತಿ. ಯಾವ ಐಕಾನ್ ಹಾಕುತ್ತೀರಿ? ಹೆಚ್ಚು ಕೆಟ್ಟದ್ದು ಮೊದಲು ಅನ್ನೋದು ನನ್ನ ಉತ್ತರ. ಆಮೇಲೆ ಬೇರೆ ದಾರಿ, ಕೊನೆಗೆ ಸುದ್ದಿ ಹಾಕಿದ ಸಮಯ. ರೈಲು ನಿಂತ ಕಾರಣವನ್ನು ತೀರ ಚಿಕ್ಕದಾಗಿ ಹೇಳಿದರೆ ಸಾಕು. ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ ಸಿಗ್ನಲ್ ಕೆಟ್ಟಿತೋ ಹಳಿ ಕೆಟ್ಟಿತೋ ಅನ್ನುವುದಕ್ಕಿಂತ ಮನೆಗೆ ಹೋಗುವುದು ಹೇಗೆ ಅನ್ನುವುದೇ ಜಾಸ್ತಿ ಮುಖ್ಯ.

ಕನ್ನಡದಲ್ಲಿ ಇದೇ ಕೆಲಸ ಮಾಡುವವರಿಗೆ ಒಂದು ಮಾತು. ಇಂಗ್ಲಿಷ್ ಅಳತೆಗೆ ಮಾಡಿದ ಪೆಟ್ಟಿಗೆಯಲ್ಲಿ ನಮ್ಮ ಒತ್ತಕ್ಷರ ಕೆಳಗೆ ಕತ್ತರಿಸಿಹೋಗುತ್ತದೆ. ಆದ್ದರಿಂದ ಸುಮ್ನೆ “ಹೆಬ್ಬಾಳ”ದಂಥ ಚಿಕ್ಕ ಹೆಸರು ಹಾಕಿ ಪರೀಕ್ಷೆ ಮಾಡಬೇಡಿ. “ಕೃಷ್ಣರಾಜೇಂದ್ರ ಮಾರುಕಟ್ಟೆ” ಹಾಕಿ, ಫೋನಿನಲ್ಲಿ ಅಕ್ಷರದ ಗಾತ್ರ ದೊಡ್ಡದು ಮಾಡಿ, ಆಮೇಲೆ ಸಾಲಿನ ಎತ್ತರ ನಿಗದಿ ಮಾಡಿ.

ಮತ್ತೆ, ನಿಮ್ಮ ಮೊದಲ ಸಭೆಗೆ ಕಂಟ್ರೋಲ್ ರೂಮಿನವರನ್ನು ಕರೆಯಿರಿ. ಬೆಳಗ್ಗೆ ಐದಕ್ಕೆ ಆ ಸುದ್ದಿ ಟೈಪ್ ಮಾಡುವವರು ಅವರೇ. ಅವರಿಗೆ ಎಷ್ಟು ಖಾನೆ ತುಂಬಲು ಪುರಸೊತ್ತು ಇರುತ್ತದೆ ಅಂತ ಕೇಳಿಕೊಂಡು ಪುಟ ಬಿಡಿಸಿ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.