ಊರಿನ ದಾರಿಯ ಜಲಪಾತಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಮುಂಬಯಿಗೆ ಮಳೆ ಬಂದರೆ ಸಾಕು, ಶನಿವಾರ ಬೆಳಿಗ್ಗೆ ಲೋಣಾವಳದ ಕಡೆ ಕಾರುಗಳ ಸಾಲು. ಭುಶಿ ಅಣೆಕಟ್ಟಿನ ಮೆಟ್ಟಿಲ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ನೀರಿಗಿಂತ ಜನವೇ ಜಾಸ್ತಿ. ಅದನ್ನು ಜಲಪಾತ ನೋಡುವುದು ಎನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಇಲ್ಲಿನ ಕನ್ನಡಿಗರಿಗೆ ಒಂದು ಅನುಕೂಲ ಇದೆ. ಹೇಗೂ ಊರಿಗೆ ಹೋಗುತ್ತಿರುತ್ತೇವೆ. ಬೆಳಗಾವಿಗೋ, ಹುಬ್ಬಳ್ಳಿಗೋ, ಕುಂದಾಪುರಕ್ಕೋ. ಆದರೆ ರಾತ್ರಿ ಊಟ ಮಾಡಿ ಹೊರಟು, ಇಡೀ ಸಹ್ಯಾದ್ರಿಯನ್ನು ಕತ್ತಲಲ್ಲೇ ದಾಟಿಬಿಡುತ್ತೇವೆ. ಈ ಸಲ ಚೌತಿಗೆ ಹೊರಟವರು ಹಗಲು ಹೊರಡಿ, ನಡುವೆ ಒಂದು ರಾತ್ರಿ ತಂಗಿ. ಜಲಪಾತಕ್ಕೆಂದೇ ಬೇರೆ ಪ್ರವಾಸ ಬೇಕಾಗುವುದಿಲ್ಲ.

ಚೌತಿಯ ಹೊತ್ತೇ ಯಾಕೆ? ಜುಲೈಯಲ್ಲಿ ಘಟ್ಟದ ಮೇಲೆ ಎಂಥಾ ಮಂಜು ಅಂದರೆ, ಸದ್ದು ಕೇಳುತ್ತದೆ, ನೀರು ಕಾಣುವುದಿಲ್ಲ. ಸೆಪ್ಟೆಂಬರ್ ಬಂದರೆ ಮಳೆ ಬಿಟ್ಟುಬಿಟ್ಟು ಬರುತ್ತದೆ, ಬಿಸಿಲೂ ಇಣುಕುತ್ತದೆ. ಹಳ್ಳಗಳು ಆಗಲೂ ತುಂಬಿಯೇ ಇರುತ್ತವೆ. ಒಂದೇ ತೊಂದರೆ, ಆಗ ಕೊಂಕಣದ ಜನರೆಲ್ಲ ಊರಿಗೆ ಹೊರಟು ಗೋವಾ ಹೆದ್ದಾರಿ ಗಿಜಿಗಿಜಿ ಎನ್ನುತ್ತದೆ. ಕರಾವಳಿಯವರೂ ಪುಣೆ ಮೇಲಿನ ದಾರಿ ಹಿಡಿಯುವುದು ಮೇಲು.

ಪುಣೆ ದಾಟಿ ಸಾತಾರಾ. ಅಲ್ಲಿಂದ ಸಮರ್ಥ ರಾಮದಾಸರ ಸಮಾಧಿ ಇರುವ ಸಜ್ಜನಗಡದ ಕಡೆ ತಿರುಗಿ, ಸುಮಾರು 25 ಕಿಲೋಮೀಟರ್ ಹೋದರೆ ಠೋಸೇಘರ್. ಆಳವಾದ ಕಣಿವೆಗೆ ನೀರು ಹಂತ ಹಂತವಾಗಿ ಇಳಿಯುತ್ತದೆ. ಎದುರಿಗೇ ಕಟಕಟೆ ಹಾಕಿದ ಕಟ್ಟೆ ಇದೆ. ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ಹೋಗಿ ತೋರಿಸಬಹುದು.

ಈ ಹಂತಗಳು ಯಾಕೆ ಗೊತ್ತಾ? ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ನೆಲ ಬಿರಿದು ಲಾವಾರಸ ಮತ್ತೆ ಮತ್ತೆ ಹರಿಯಿತು. ನೀರುದೋಸೆ ಒಂದರ ಮೇಲೊಂದು ಪೇರಿಸಿದ ಹಾಗೆ ಪದರ ಪದರವಾಗಿ ಕೂತಿತು. ಗಟ್ಟಿ ಪದರ ನಿಲ್ಲುತ್ತದೆ, ಮೆತ್ತನೆಯದು ಸವೆಯುತ್ತದೆ. ಹೀಗೆ ಬೆಟ್ಟಕ್ಕೇ ಮೆಟ್ಟಿಲಾಯಿತು.

ಸಾತಾರಾದ ಇನ್ನೊಂದು ದಿಕ್ಕಿಗೆ ಕಾಸ್ ಪಠಾರ ಎಂಬ ಎತ್ತರದ ಬಯಲಿದೆ. ಸೆಪ್ಟೆಂಬರಿನಲ್ಲಿ ಹೂವಿನ ಕಾಲ. ಪಶ್ಚಿಮ ಘಟ್ಟಕ್ಕೆ 2012ರಲ್ಲಿ ವಿಶ್ವ ಪರಂಪರೆಯ ಪಟ್ಟ ಸಿಕ್ಕಾಗ ಇದೂ ಅದರಲ್ಲಿ ಸೇರಿತು. ಹತ್ತಿರವೇ ಭಾಂಬವಲಿಯಲ್ಲಿ ವಜ್ರಾಯಿ ಜಲಪಾತ. ಠೋಸೇಘರ್, ಕಾಸ್ ಎರಡೂ ಕಡೆ ಹೋಗುತ್ತೇನೆಂದರೆ ಆ ದಿನ ಸಾತಾರಾದಲ್ಲೇ ಮುಗಿಯುತ್ತದೆ. ಒಂದನ್ನು ಆರಿಸಿಕೊಳ್ಳಿ. ನನ್ನನ್ನು ಕೇಳಿದರೆ ಠೋಸೇಘರ್.

ಇಡೀ ದಾರಿಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಅಂಬೋಲಿ. ಸಂಕೇಶ್ವರದಲ್ಲಿ ಹೆದ್ದಾರಿ ಬಿಟ್ಟು ಗಡಹಿಂಗ್ಲಜ, ಆಜರಾ ಮೇಲೆ ಹೋಗಬೇಕು. ನಮ್ಮ ಮುಂಬಯಿ ಮಳೆಯ ಮೂರು ಪಟ್ಟು ಅಲ್ಲಿ ಸುರಿಯುತ್ತದೆ. ದೊಡ್ಡ ಜಲಪಾತ ಘಟ್ಟದ ರಸ್ತೆ ಪಕ್ಕದಲ್ಲೇ ಇದೆ, ಕಾರಿನಲ್ಲಿ ಕೂತವರ ಮುಖಕ್ಕೂ ಹನಿ ಸಿಡಿಯುತ್ತದೆ. ಭಾನುವಾರ ಮಾತ್ರ ಬೇಡ. ಹತ್ತಿರದ ಕಾವಳೇಸಾದ್‌ನಲ್ಲಿ ಇನ್ನೊಂದು ತಮಾಷೆ. ಕಣಿವೆಯಿಂದ ಜೋರಾಗಿ ಗಾಳಿ ಬೀಸಿದಾಗ, ಕೆಳಗೆ ಬೀಳಬೇಕಾದ ನೀರು ಮೇಲಕ್ಕೆ ಹಾರಿ ನಿಮ್ಮ ತಲೆ ಮೇಲೇ ಬೀಳುತ್ತದೆ. ಅಲ್ಲಿ ಕೊಡೆ ಹಿಡಿದವರ ಗತಿ ಕೇಳಲೇಬೇಡಿ.

ಅಂಬೋಲಿಯಲ್ಲೇ ಒಂದು ಗುಹೆಯ ಬಳಿ ಹಿರಣ್ಯಕೇಶಿ ನದಿ ಹುಟ್ಟುತ್ತದೆ. ಸಂಕೇಶ್ವರದ ಜನರಿಗೆ ಇದು ಮನೆಯ ನದಿ. ಘಟ್ಟದ ಅಂಚಿನಲ್ಲಿ ಬಿದ್ದ ಮಳೆ ಪಶ್ಚಿಮಕ್ಕೆ ಇಳಿದು ಅರಬ್ಬೀ ಸಮುದ್ರ ಸೇರುತ್ತದೆ. ಕೂಗಳತೆ ಆಚೆ ಬಿದ್ದ ಮಳೆ ಹಿರಣ್ಯಕೇಶಿಯಾಗಿ ಪೂರ್ವಕ್ಕೆ ಹೋಗಿ ಘಟಪ್ರಭೆಯನ್ನು ಕೂಡಿಕೊಳ್ಳುತ್ತದೆ. ಗೋಕಾಕದಲ್ಲಿ 52 ಮೀಟರ್ ಧುಮುಕಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಯ ತನಕ ಹೋಗುತ್ತದೆ. ಬೆಳಗಾವಿ ಕಡೆಯವರು ಅಂಬೋಲಿಯಲ್ಲಿ ಹಿರಣ್ಯಕೇಶಿ ಹುಟ್ಟುವಲ್ಲಿ ನೋಡಿದ ಮೇಲೆ ಗೋಕಾಕಕ್ಕೂ ಹೋದರೆ, ಅದೇ ನೀರನ್ನು ಎರಡನೇ ಸಲ ನೋಡಿದ ಹಾಗೆ. ಕರಾವಳಿಯವರು ಸಾವಂತವಾಡಿಗೆ ಇಳಿದು ಗೋವಾ ಹೆದ್ದಾರಿ ಸೇರಿಕೊಳ್ಳಬಹುದು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. 2024ರ ಜೂನ್ 30ರಂದು ಭುಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ನೀವು ನಿಂತಲ್ಲಿ ಮಳೆ ಇಲ್ಲದಿರಬಹುದು, ಮೇಲೆ ಬೆಟ್ಟದಲ್ಲಿ ಸುರಿಯುತ್ತಿರುತ್ತದೆ. ಬೋಳು ಬಂಡೆ ನೀರು ಹೀರುವುದಿಲ್ಲ, ಬಿದ್ದದ್ದೆಲ್ಲ ನಿಮಿಷಗಳಲ್ಲಿ ಕೆಳಗೆ ಬರುತ್ತದೆ. ತಿಳಿಯಾಗಿದ್ದ ನೀರು ಕೆಂಪಾಯಿತೇ, ಎಲೆ ಕಡ್ಡಿ ತೇಲಿಬಂತೇ, ಸದ್ದು ಬದಲಾಯಿತೇ, ಫೋಟೋ ಆಮೇಲೆ, ಮೊದಲು ದಡ ಹತ್ತಿ. ಹಳ್ಳದ ನಡುವಿನ ಬಂಡೆಗೆ ಹೋಗಲೇಬೇಡಿ.

ಇನ್ನು ದೂಧ್‌ಸಾಗರ್. ಅದನ್ನು ಬಿಟ್ಟರೆ ನೀವು ಸುಮ್ನಿರುತ್ತೀರಾ? ಗೋವಾ ಗಡಿಯಲ್ಲಿ 310 ಮೀಟರ್ ಎತ್ತರದಿಂದ ನಾಲ್ಕು ಹಂತಗಳಲ್ಲಿ ಬೀಳುತ್ತದೆ. ಆದರೆ ಚೌತಿಯ ಹೊತ್ತಿಗೆ ಜಲಪಾತದ ಹತ್ತಿರ ಕರೆದೊಯ್ಯುವ ಜೀಪು ಓಡುವುದಿಲ್ಲ, ದಾರಿಯ ಹೊಳೆಗಳು ತುಂಬಿರುತ್ತವೆ. ಕ್ಯಾಸಲ್‌ರಾಕ್ ಮತ್ತು ಕುಳೆಂ ನಿಲ್ದಾಣಗಳ ನಡುವೆ ಹಗಲು ಹೋಗುವ ರೈಲಿನ ಕಿಟಕಿಯೇ ಗತಿ. ಹಳಿ ಮೇಲೆ ನಡೆದು ಹೋಗುವ ಉಪಾಯ ಬೇಡ. 2023ರ ಜುಲೈಯಲ್ಲಿ ಹಾಗೆ ಹೋದವರಿಗೆ ರೈಲ್ವೆ ಪೊಲೀಸರು ಬಸ್ಕಿ ಹೊಡೆಸಿದ್ದನ್ನು ದೇಶವೇ ಮೊಬೈಲಿನಲ್ಲಿ ನೋಡಿತು. ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ಕುಳೆಂನಿಂದ ಜೀಪು ಮತ್ತೆ ಶುರುವಾಗುತ್ತದೆ. ಹಾಗಾಗಿ ದಸರಾ ರಜೆಗೆ ಹೊರಡುವವರು ಇದನ್ನು ಇಟ್ಟುಕೊಳ್ಳಿ. ಬೆಳಿಗ್ಗೆ ಬೇಗ ಹೋಗಿ ಸಾಲಿನಲ್ಲಿ ನಿಲ್ಲಿ. ಲೈಫ್ ಜಾಕೆಟ್ ಕೊಟ್ಟರೆ ಹಾಕಿಕೊಳ್ಳಿ, ಈಜು ಬಂದರೂ ಸರಿ. ನಮಸ್ಕಾರ.