ಮುಚ್ಚಳ ತೆಗೆಯದೆ ಜೇನು ನೋಡುವುದು

ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ತುಡುವೆ, ಅಂದರೆ ನಮ್ಮ ನಾಡಿನ ಪೆಟ್ಟಿಗೆ ಜೇನು, ಸಾಕುವವರು, ನೊಣದ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ನೇರ ವಿಷಯಕ್ಕೆ ಬರುತ್ತೇನೆ. ಪೆಟ್ಟಿಗೆಯೊಳಗೆ ಸೆನ್ಸರ್ ಇಡುವುದು ಒಂದೇ ಕಾರಣಕ್ಕೆ, ನಾವು ಮುಚ್ಚಳ ತೆಗೆಯುವುದು ಕಡಿಮೆಯಾಗಬೇಕು. ಮೆಲ್ಲಿಫೆರಾ, ಅಂದರೆ ಯುರೋಪಿನ ಜೇನು, ಸಹಿಸಿಕೊಂಡಷ್ಟು ತುಡುವೆ ಸಹಿಸಿಕೊಳ್ಳುವುದಿಲ್ಲ. ಪದೇ ಪದೇ ಕೈಹಾಕಿದರೆ ಪೆಟ್ಟಿಗೆ ಖಾಲಿ ಮಾಡಿ ಹೊರಟೇಬಿಡುತ್ತದೆ. ಸೆನ್ಸರ್ ರಿಪೇರಿಗೆ ಅಂತ ವಾರಕ್ಕೊಮ್ಮೆ ಮುಚ್ಚಳ ಎತ್ತುವುದಾದರೆ ಆ ಸೆನ್ಸರೇ ಬೇಡ.

ಜಿನೀವಾದ ಫ್ರಾಂಸ್ವಾ ಹ್ಯೂಬರ್ ಹೆಸರು ಕೇಳಿರುತ್ತೀರಿ. ಜೇನಿನ ಬಗ್ಗೆ 1792ರಲ್ಲಿ ಪುಸ್ತಕ ಪ್ರಕಟಿಸಿದ ಈ ಮನುಷ್ಯನಿಗೆ ಕಣ್ಣು ಕಾಣುತ್ತಿರಲಿಲ್ಲ. ಪ್ರಶ್ನೆ ಅವರದು, ನೋಡುವ ಕೆಲಸ ಸಹಾಯಕ ಬರ್ನನ್ಸ್‌ದು. ಕೆಲಸಗಾರ ನೊಣಗಳಲ್ಲೂ ಮೊಟ್ಟೆ ಇಡುವವು ಇವೆಯೇ ಎಂಬ ಪ್ರಶ್ನೆ ಎದ್ದಾಗ ಬರ್ನನ್ಸ್ ಎರಡು ಗೂಡುಗಳ ಒಂದೊಂದೇ ನೊಣವನ್ನು ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಿದರು, 11 ದಿನ! ಕೈಯಲ್ಲಿ ಹಿಡಿದು, ಕುಟುಕಿಸಿಕೊಂಡು. ಆ ತಾಳ್ಮೆಗೆ ಕೈಮುಗಿಯಬೇಕು. ಆದರೆ ನಾನು ಹೇಳಹೊರಟಿದ್ದು ಹ್ಯೂಬರ್ ಬಗ್ಗೆ. ಏನು ನೋಡಬೇಕು ಅಂತ ಅವರಿಗೆ ಮೊದಲೇ ಗೊತ್ತಿತ್ತು. ಸೆನ್ಸರ್ ನಮ್ಮ ಬರ್ನನ್ಸ್. ಪ್ರಶ್ನೆ ನಾವೇ ಕೊಡಬೇಕು.

ಇವತ್ತಿಗೆ ಒಂದೇ ಪ್ರಶ್ನೆ ಇಟ್ಟುಕೊಳ್ಳೋಣ: ಒಳಗೆ ಮರಿ ಇದೆಯೇ? ಮರಿ ಇರುವ ಎರಿಯನ್ನು, ಅಂದರೆ ಮೇಣದ ತಟ್ಟಿಯನ್ನು, ನೊಣಗಳು 33ರಿಂದ 36 ಡಿಗ್ರಿಯೊಳಗೆ ಕಾಪಾಡುತ್ತವೆ. ರಾಣಿ ಹೋಗಿ ಮರಿ ಮುಗಿದರೆ ಆ ಹಿಡಿತ ಸಡಿಲವಾಗುತ್ತದೆ, ಒಳಗಿನ ಉಷ್ಣತೆ ಹೊರಗಿನದರ ಹಿಂದೆಯೇ ಏರಿಳಿಯುತ್ತದೆ. ಹಾಗಾಗಿ ಎರಡು ಸೆನ್ಸರ್ ಬೇಕು, ಒಂದು ಎರಿಯಲ್ಲಿ, ಇನ್ನೊಂದು ಹೊರಗೆ ನೆರಳಿನಲ್ಲಿ. ಡಿಎಸ್18ಬಿ20 ಎಂಬ ಉಷ್ಣತೆಯ ಸೆನ್ಸರ್ ಸಾಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸ್ಟೀಲ್ ಕೊಳವೆಯೊಳಗೆ ಕೂರಿಸಿದ್ದು ಸಿಗುತ್ತದೆ, ಅದು ಹೊರಗಿನದಕ್ಕೆ ಸರಿ. ಒಳಗೆ ಬೇಡ. ಕೊಳವೆ 6 ಮಿಲಿಮೀಟರ್ ದಪ್ಪ, ಎರಿಗಳ ನಡುವಿನ ಓಡಾಟದ ಜಾಗವನ್ನೇ ತುಂಬಿಬಿಡುತ್ತದೆ. ಒಳಗೆ ಮೂರು ಕಾಲಿನ ಬರಿಯ ಬಿಡಿಭಾಗ ಹಾಕಿ. ಸಣ್ಣ ವೈರ್ ಬೆಸುಗೆ ಹಾಕಿ, ತೆಳ್ಳಗೆ ಎಪಾಕ್ಸಿ ಅಂಟು ಬಳಿದು, ವಾಸನೆ ಪೂರ್ತಿ ಹೋಗುವವರೆಗೆ ಒಣಗಿಸಿ.

ಎಲ್ಲಿ ಇಡಬೇಕು? ಮುಚ್ಚಳದ ಕೆಳಗೆ ಇಟ್ಟರೆ ಮುಚ್ಚಳದ ಬಿಸಿ ಅಳೆಯುತ್ತೀರಿ. ಮರದ ಪೊಟರೆಯಿಂದಲೋ ಗೋಡೆಯಿಂದಲೋ ಕುಟುಂಬ ತೆಗೆದು ಪೆಟ್ಟಿಗೆಗೆ ಕೂರಿಸುವಾಗ ಮರಿ ಎರಿಯನ್ನು ಕತ್ತರಿಸಿ ಬಾಳೆನಾರಿನಲ್ಲಿ ಚೌಕಟ್ಟಿಗೆ ಕಟ್ಟುತ್ತೇವಲ್ಲ, ಅದೇ ಸಮಯ. ನಡುವಿನ ಚೌಕಟ್ಟಿನಲ್ಲಿ, ಎರಿಯ ಮಧ್ಯಭಾಗಕ್ಕೆ ತಾಗುವಂತೆ ಸೆನ್ಸರನ್ನೂ ಅದೇ ನಾರಿನಲ್ಲಿ ಕಟ್ಟಿಬಿಡಿ. ನೊಣಗಳು ನಾರನ್ನು ಕಡಿದು ಹೊರಗೆ ಹಾಕುವ ಹೊತ್ತಿಗೆ ಮೇಣ ಅದನ್ನು ಹಿಡಿದುಕೊಂಡಿರುತ್ತದೆ. ಆಮೇಲೆ ಅದಕ್ಕಾಗಿ ಮುಚ್ಚಳ ತೆಗೆಯುವ ಪ್ರಮೇಯವೇ ಬರುವುದಿಲ್ಲ. ವೈರ್ ಹೊರಬರಲು ಚೌಕಟ್ಟುಗಳಿರುವ ಕೋಣೆಯ ಮೇಲಂಚಿನಲ್ಲಿ ಸಣ್ಣ ಕಚ್ಚು ಮಾಡಿ, ಉಳಿದ ಸಂದನ್ನು ಜೇನುಮೇಣದಿಂದ ಮುಚ್ಚಿ.

ಕಟ್ಟುವುದಕ್ಕೆ ಮುಂಚೆ ಪರೀಕ್ಷೆ. ಲೋಟದ ತುಂಬ ಪುಡಿ ಐಸ್, ಸಂದು ತುಂಬುವಷ್ಟು ನೀರು, ಚೆನ್ನಾಗಿ ಕಲಕಿ ಎರಡೂ ಸೆನ್ಸರ್ ಇಳಿಸಿ. ಸೊನ್ನೆಯಿಂದ ಅರ್ಧ ಡಿಗ್ರಿಗಿಂತ ಹೆಚ್ಚು ಆಚೀಚೆ ತೋರಿಸಿದ್ದನ್ನು ಬದಿಗಿಡಿ, ಮಾರುಕಟ್ಟೆಯಲ್ಲಿ ನಕಲಿ ಬಹಳ. ಡೇಟಾ ವೈರ್ ಮತ್ತು 3.3 ವೋಲ್ಟ್ ನಡುವೆ 4.7 ಕಿಲೋ ಓಮ್ ರೆಸಿಸ್ಟರ್ ಮರೆಯಬೇಡಿ. 85 ಡಿಗ್ರಿ ಅಂತ ಬಂದರೆ ಗಾಬರಿ ಬೇಡ, ಜೇನು ಬೆಂದಿಲ್ಲ. ಅದು ಸೆನ್ಸರ್‌ಗೆ ಆಗತಾನೆ ಕರೆಂಟ್ ಬಂದಾಗಿನ ಅಂಕಿ. ಅಳತೆಗೆ 750 ಮಿಲಿಸೆಕೆಂಡ್ ಬೇಕು, ಪ್ರೋಗ್ರಾಮ್ ಅಷ್ಟು ಕಾದಿಲ್ಲ, ಅಥವಾ ಕರೆಂಟ್ ನಡುವೆ ತಪ್ಪಿದೆ. ಮೈನಸ್ 127 ಬಂದರೆ ವೈರ್ ಬಿಟ್ಟಿದೆ.

ಸೆನ್ಸರಿನ ಅಂಕಿ ಓದಿ ಕಳಿಸುವ ಬೋರ್ಡ್ ಮತ್ತು ಬ್ಯಾಟರಿ ಪೆಟ್ಟಿಗೆಯ ಹೊರಗಿರಲಿ, ಆದರೆ ಅದೇ ಸ್ಟ್ಯಾಂಡಿನ ಮೇಲೆ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ, ಪಕ್ಕದ ಗೋಡೆಗೆ ವೈರ್ ಎಳೆದರೆ ಇರುವೆಗೆ ನೀವೇ ಸೇತುವೆ ಕಟ್ಟಿಕೊಟ್ಟ ಹಾಗೆ. ಡಬ್ಬಿಗೆ ವೈರ್ ಕೆಳಗಡೆಯಿಂದ ಹೋಗಲಿ, ಒಳಗೆ ಹೋಗುವ ಮುಂಚೆ ಒಂದು ಜೋಲು ಬಿಡಿ, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಬ್ಯಾಟರಿ ಲೆಕ್ಕ. ಇಎಸ್‌ಪಿ32, ಅಂದರೆ ಬೋರ್ಡಿನ ಮುಖ್ಯ ಚಿಪ್, ನಿದ್ದೆಯಲ್ಲಿ ಸುಮಾರು 10 ಮೈಕ್ರೋ ಆಂಪಿಯರ್ ಎಳೆಯುತ್ತದೆ. ಅಂಗಡಿಯ ಬೋರ್ಡಿನ ರೆಗ್ಯುಲೇಟರ್, ಲೈಟು, ಯುಎಸ್‌ಬಿ ಚಿಪ್ ಸೇರಿದರೆ 10 ಮಿಲಿ ಆಂಪಿಯರ್ ಆಗುವುದುಂಟು, ಸಾವಿರ ಪಟ್ಟು. ದಿನಕ್ಕೆ 240 ಮಿಲಿ ಆಂಪಿಯರ್ ಅವರ್! 2500ರ ಸೆಲ್ ಹತ್ತು ದಿನದಲ್ಲಿ ಖಾಲಿ. ನಿದ್ದೆಯಲ್ಲಿ ಕಡಿಮೆ ಎಳೆಯುವ ಬೋರ್ಡ್ ಆದರೆ, 15 ನಿಮಿಷಕ್ಕೊಮ್ಮೆ ಐದು ಸೆಕೆಂಡ್ ವೈಫೈಗೆ ಎದ್ದರೂ, ದಿನಕ್ಕೆ 20ರ ಒಳಗೆ ಮುಗಿಯುತ್ತದೆ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಮುಖ್ಯವಾದದ್ದೊಂದು ಉಳಿದಿದೆ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ ಹೊರಗೇ 34 ಡಿಗ್ರಿ ಇರುತ್ತದೆ. ಆಗ ಒಳಗೆ 34 ಇದ್ದರೆ ಮರಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಮುಂಜಾನೆ 5 ಗಂಟೆಯ ಅಂಕಿ ನೋಡಿ. ಹೊರಗೆ 21, ಒಳಗೆ 34 ಇದ್ದರೆ ಮುಚ್ಚಳ ಮುಟ್ಟಬೇಡಿ. ಒಳಗಿನ ಅಂಕಿ ಮೂರ್ನಾಲ್ಕು ಮುಂಜಾನೆ ಒಂದೇ ಸಮ ಇಳಿಯುತ್ತಾ ಬಂದರೆ ಮಾತ್ರ ತೆಗೆದು ನೋಡಿ.

ಪೆಟ್ಟಿಗೆಯ ತೂಕದ ಬಗ್ಗೆ ಹೇಳಲು ಆಗಲಿಲ್ಲ. ತೂಕ ಅಳೆಯುವ ಲೋಡ್ ಸೆಲ್ ಬಿಸಿಲಿಗೆ ತಾನೇ ಏರುಪೇರು ತೋರಿಸುತ್ತದೆ, ಅದರಲ್ಲೂ ಮುಂಜಾನೆಯ ಅಂಕಿಯನ್ನು ಮುಂಜಾನೆಯದಕ್ಕೇ ಹೋಲಿಸಿ. ವೈಫೈ ಸಿಗದ ತೋಟಕ್ಕೆ ಲೋರಾ ಎಂಬ ದೂರದ ರೇಡಿಯೋ ಹಾಕುವವರು ಪ್ರೋಗ್ರಾಮಿನಲ್ಲಿ ಭಾರತದ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯನ್ನೇ ಆರಿಸಿ. ಸೆನ್ಸರ್ ಕಟ್ಟಿದ ಚೌಕಟ್ಟು ಆ ಮೇಜಿನ ಮೇಲಿದೆ, ಬಂದು ಕೈಯಲ್ಲಿ ಹಿಡಿದು ನೋಡಿ.