ಡಿಎಂಎಫ್ ದುಡ್ಡಲ್ಲಿ ಒಂದು ಥಿನ್ ಫಿಲಂ ಲ್ಯಾಬ್ ಯಾಕಾಗಬಾರದು?

ಎಲ್ಲರಿಗೂ ನಮಸ್ಕಾರ.

ಸಂಡೂರಿನ ಮ್ಯಾಂಗನೀಸ್, ಬಳ್ಳಾರಿಯ ಕಬ್ಬಿಣ, ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನ. ಈ ಮೂರೂ ಲೋಹ ಒಂದೇ ಕಥೆಯಲ್ಲಿ ಬರುತ್ತವೆ ಅಂದರೆ ನಂಬುತ್ತೀರಾ? ಆ ಕಥೆ ನಡೆದಿದ್ದು ಇಟಲಿಯ ಫ್ಲಾರೆನ್ಸ್‌ನಲ್ಲಿ. ಅವರು ಬಳಸಿದ್ದು ನಮ್ಮೂರಿನ ಮಣ್ಣಿಂದ ತೆಗೆದ ಲೋಹ ಅಂತ ನಾನು ಹೇಳುತ್ತಿಲ್ಲ. ಆದರೆ ಅದೇ ಲೋಹಗಳನ್ನು ನಾವು ಲಾರಿಗಟ್ಟಲೆ ಕಳಿಸುತ್ತೇವೆ. ಅವುಗಳ ಒಂದೇ ಒಂದು ಅಣು ಏನೆಲ್ಲ ಮಾಡಬಲ್ಲದು ಅನ್ನೋ ಮಾತು ಮಾತ್ರ ನಮ್ಮ ಕಾಲೇಜುಗಳಲ್ಲಿ ಕಿವಿಗೆ ಬೀಳೋದೇ ಅಪರೂಪ. ನನ್ನ ತಕರಾರು ಇರೋದು ಇಲ್ಲೇ. ಗಣಿಯವರು ಕಟ್ಟುವ ಡಿಎಂಎಫ್, ಅಂದರೆ ಜಿಲ್ಲಾ ಖನಿಜ ಪ್ರತಿಷ್ಠಾನದ ದುಡ್ಡಲ್ಲಿ ನಮಗೂ ಒಂದು ಥಿನ್ ಫಿಲಂ ಲ್ಯಾಬ್, ಅಂದರೆ ಲೋಹ, ಅಣುಗಳ ತೀರಾ ತೆಳು ಪದರ ಮಾಡಿ ನೋಡುವ ಲ್ಯಾಬ್ ಬೇಕು.

ಮೊದಲು ಕಥೆ ಕೇಳಿ. 1980ರಲ್ಲಿ ಪೋಲೆಂಡಿನ ಲಿಸ್ ಎಂಬ ವಿಜ್ಞಾನಿ 12 ಮ್ಯಾಂಗನೀಸ್ ಪರಮಾಣುಗಳಿರುವ ಒಂದು ಅಣು ತಯಾರಿಸಿದರು. 1993ರಲ್ಲಿ ಫ್ಲಾರೆನ್ಸ್‌ನ ರೊಬರ್ಟಾ ಸೆಸ್ಸೊಲಿ, ದಾಂತೆ ಗಟ್ಟೆಸ್ಕಿ ಮತ್ತು ಜೊತೆಗಾರರು ಅದರ ಗುಟ್ಟು ಹೊರಗೆ ಹಾಕಿದರು. ಚೆನ್ನಾಗಿ ತಣ್ಣಗೆ ಮಾಡಿದರೆ ಒಂದೊಂದು ಅಣುವೂ ತಾನೇ ಒಂದು ಮ್ಯಾಗ್ನೆಟ್! 2 ಕೆಲ್ವಿನ್‌ನಲ್ಲಿ, ಅಂದರೆ ಸುಮಾರು ಮೈನಸ್ 271 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದಕ್ಕೆ ಕೊಟ್ಟ ದಿಕ್ಕನ್ನು ತಿಂಗಳುಗಟ್ಟಲೆ ಮರೆಯೋದಿಲ್ಲ. ಒಂದು ಅಣುವಿಗೆ ಒಂದು ನೆನಪು. ಕಂಪ್ಯೂಟರ್ ಮೆಮೊರಿಗೆ ಇದಕ್ಕಿಂತ ಏನು ಬೇಕು ಅಂತ ಎಲ್ಲರೂ ಹಿಗ್ಗಿದರು.

ಆದರೆ ಅಣುವನ್ನು ಗಾಳಿಯಲ್ಲಿ ತೇಲಿಬಿಟ್ಟು ಕೆಲಸ ಮಾಡಿಸೋಕಾಗುತ್ತಾ? ಎಲ್ಲಾದರೂ ಕೂರಿಸಬೇಕು. ಚಿನ್ನದ ನುಣುಪು ಮೇಲ್ಮೈ ಮೇಲೆ ಕೂರಿಸಿದರು. ಕೂರಿಸಿದ ಮೇಲೆ ಅಣುವಿನ ನೆನಪೇ ಹೊರಟುಹೋಯಿತು. ಮ್ಯಾಂಗನೀಸ್‌ನ ಎಲೆಕ್ಟ್ರಾನ್ ಲೆಕ್ಕ ಏರುಪೇರಾಗಿ ಅಣು ಅಲ್ಲೇ ಕೆಡುತ್ತಿತ್ತು. ಆಮೇಲೆ ನಾಲ್ಕು ಕಬ್ಬಿಣದ ಪರಮಾಣುಗಳ ಬೇರೆ ಅಣು ಮಾಡಿ, ಅದಕ್ಕೆ ಗಂಧಕದ ಕಾಲು ಕಟ್ಟಿ ಚಿನ್ನಕ್ಕೆ ಅಂಟಿಸಿದರು. ಗಂಧಕಕ್ಕೂ ಚಿನ್ನಕ್ಕೂ ಬಹಳ ಸ್ನೇಹ. 2009ರಲ್ಲಿ ಅದು ನೆನಪು ಉಳಿಸಿಕೊಂಡಿದ್ದು ಪಕ್ಕಾ ಆಯಿತು, ಅದೂ 1 ಕೆಲ್ವಿನ್‌ಗಿಂತ ಕೆಳಗೆ. ಇದರಿಂದ ನಾಳೆನೇ ಮೊಬೈಲ್ ಬರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ಮೇಲ್ಮೈಯಲ್ಲಿ ಅಂಥದ್ದೇನಿದೆ? ಲೋಹದ ಒಳಗಿರುವ ಪರಮಾಣುವಿಗೆ ಸುತ್ತಲೂ ನೆರೆಹೊರೆ. ಮೇಲ್ಮೈಯ ಪರಮಾಣು ಓಣಿಯ ಕೊನೇ ಮನೆಯ ಹಾಗೆ, ಒಂದು ಕಡೆ ಬಯಲು. ಹಾಗಾಗಿ ಅಲ್ಲಿ ಎಲೆಕ್ಟ್ರಾನ್‌ಗಳು ಬೇರೆ ರೀತಿ ಜೋಡಿಸಿಕೊಳ್ಳುತ್ತವೆ. ಒಳಗೆ ಒಂದು ಗುಣ, ಮೇಲೆ ಇನ್ನೊಂದು. ಪದರ ತೆಳುವಾದಷ್ಟೂ ಈ ಆಟ ಜಾಸ್ತಿ. ಕಬ್ಬಿಣ, ಕ್ರೋಮಿಯಂ, ಮತ್ತೆ ಕಬ್ಬಿಣ, ಹೀಗೆ ಕೆಲವೇ ಪರಮಾಣು ದಪ್ಪದ ಪದರ ಜೋಡಿಸಿ ಮ್ಯಾಗ್ನೆಟ್ ಹಿಡಿದರೆ ಅದರ ವಿದ್ಯುತ್ ರೋಧ ಸಿಕ್ಕಾಪಟ್ಟೆ ಬದಲಾಗುತ್ತೆ ಅಂತ 1988ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಫರ್ಟ್, ಜರ್ಮನಿಯ ಪೀಟರ್ ಗ್ರುನ್‌ಬರ್ಗ್ ಬೇರೆಬೇರೆಯಾಗಿ ಕಂಡುಕೊಂಡರು. 1997ರ ಹೊತ್ತಿಗೆ ಅದು ಐಬಿಎಂ ಹಾರ್ಡ್ ಡಿಸ್ಕಿನೊಳಗೆ ಬಂದು ಕೂತಿತ್ತು. 2007ರಲ್ಲಿ ಇಬ್ಬರಿಗೂ ನೊಬೆಲ್. ನೀವು ಹಾರ್ಡ್ ಡಿಸ್ಕಿನಲ್ಲಿ ತುಂಬಿಟ್ಟ ಮದುವೆ ಫೋಟೊಗಳನ್ನು ಓದಿ ತೋರಿಸುತ್ತಿದ್ದದ್ದು ಇಂಥ ಪದರಗಳೇ.

ಇದೆಲ್ಲ ದೂರದ ಮಾತಾಯಿತು ಅಂತೀರಾ? ನಿಮ್ಮ ಜೀನ್ಸ್ ಪ್ಯಾಂಟಿನ ತುದಿ ನೋಡಿ. ನೂಲು ಹರಿದ ಜಾಗದಲ್ಲಿ ಒಳಗೆ ಬೆಳ್ಳಗೆ ಕಾಣುತ್ತೆ. ನೀಲಿ ಬಣ್ಣ ನೂಲಿನ ಹೊರಗಷ್ಟೇ ಹತ್ತಿರುತ್ತೆ, ನಡುವಿನ ತನಕ ಇಳಿದಿರೋದಿಲ್ಲ. ಬಳ್ಳಾರಿಯ ವಾಶಿಂಗ್ ಯೂನಿಟ್‌ಗಳಲ್ಲಿ ದಿನವಿಡೀ ನಡೆಯೋದು ಈ ಹೊರಗಿನ ಪದರವನ್ನು ಎಷ್ಟು ಬೇಕೋ ಅಷ್ಟೇ ಕೆರೆಯುವ ಕೆಲಸ. ಮಂಡಿ ಹತ್ತಿರ ಸ್ವಲ್ಪ ಜಾಸ್ತಿ, ಹೊಲಿಗೆ ಹತ್ತಿರ ಕಡಿಮೆ. ಇದನ್ನು ಮಾಡುವ ಹುಡುಗರಿಗೆ ಇದು ಮೇಲ್ಮೈ ವಿಜ್ಞಾನ ಅಂತ ಯಾರೂ ಹೇಳಿಲ್ಲ, ಅಷ್ಟೇ. ಇನ್ನೂ ಮಜಾ ಏನಪ್ಪಾ ಅಂದರೆ, ಜೀನ್ಸಿನ ಆ ನೀಲಿ ಬಣ್ಣದ, ಅಂದರೆ ಇಂಡಿಗೊದ ಅಣುವೇ ಒಂದು ಅರೆವಾಹಕ (ಸೆಮಿಕಂಡಕ್ಟರ್). ಅದರ ತೆಳು ಪದರದಿಂದ ಟ್ರಾನ್ಸಿಸ್ಟರ್ ಮಾಡಿ ತೋರಿಸಿದ್ದಾರೆ. ಪೇಂಟ್, ಪ್ಲಾಸ್ಟಿಕ್, ಪ್ರಿಂಟಿಂಗ್ ಇಂಕ್‌ಗಳಿಗೆ ಹಾಕುವ ಗಾಢ ನೀಲಿ ಥ್ಯಾಲೊಸಯನಿನ್ ಕೂಡ ಹಾಗೇ. ಬಿಲ್ಲೆಯಂಥ ಅಣು, ನಟ್ಟನಡುವೆ ಒಂದು ತಾಮ್ರದ ಪರಮಾಣು. ಆ ತಾಮ್ರ ತೆಗೆದು ಕಬ್ಬಿಣವನ್ನೋ ಮ್ಯಾಂಗನೀಸ್ ಅನ್ನೋ ಕೂರಿಸಿದರೆ ಅಣುವಿನ ಕಾಂತಗುಣವೇ ಬದಲಾಗುತ್ತೆ. ಪ್ರಪಂಚದ ಎಷ್ಟೋ ಲ್ಯಾಬ್‌ಗಳು ಈ ಅಣುವನ್ನೇ ಆವಿ ಮಾಡಿ ಚಿನ್ನದ ಮೇಲೆ ಹರಡಿ ನೋಡುತ್ತಿವೆ.

ಈಗ ನಮ್ಮ ಎಂಎಸ್ಸಿ ಪ್ರಾಕ್ಟಿಕಲ್‌ಗೆ ಬನ್ನಿ. ಕ್ವಿಂಕ್ ಟ್ಯೂಬ್ ಅನ್ನೋ ಯು ಆಕಾರದ ಗಾಜಿನ ನಳಿಕೆಯಲ್ಲಿ ಮ್ಯಾಂಗನೀಸ್ ಸಲ್ಫೇಟ್ ದ್ರಾವಣ ಹಾಕಿ, ಮ್ಯಾಗ್ನೆಟ್ ನಡುವೆ ಇಟ್ಟು, ಎಷ್ಟು ಏರಿತು ಅಂತ ಟ್ರಾವೆಲಿಂಗ್ ಮೈಕ್ರೊಸ್ಕೋಪಿನಲ್ಲಿ ನೋಡುತ್ತೇವೆ. ಜರ್ಮೇನಿಯಂ ತುಂಡಿನ ಮೇಲೆ ನಾಲ್ಕು ಮೊನೆ ಊರಿ ರೋಧ ಅಳೆಯುತ್ತೇವೆ. ಒಳ್ಳೇ ಪ್ರಯೋಗಗಳೇ, ಬೇಡ ಅನ್ನೋದಿಲ್ಲ. ಆದರೆ ಎರಡೂ ಇಡೀ ವಸ್ತುವಿನ ಒಟ್ಟು ಗುಣ ಹೇಳುತ್ತವೆ, ಮೇಲ್ಮೈಯ ಗುಣ ಒಂದೂ ಹೇಳೋದಿಲ್ಲ. ಕೊನೆಗೆ ರೆಕಾರ್ಡ್ ಬುಕ್ಕಿನಲ್ಲಿ ಸೀನಿಯರ್ ಬರೆದ ರೀಡಿಂಗೇ ಮತ್ತೆ ಬರೆಯೋದು ನಿಮಗೂ ಗೊತ್ತು ಬಿಡಿ.

ನನ್ನ ಬೇಡಿಕೆ ನೇರವಾಗಿದೆ. 2015ರಿಂದ ಗಣಿ ಜಿಲ್ಲೆಗಳಿಗೆ ಜಿಲ್ಲಾ ಖನಿಜ ಪ್ರತಿಷ್ಠಾನ, ನಾವೆಲ್ಲ ಡಿಎಂಎಫ್ ಅನ್ನುತ್ತೇವಲ್ಲ, ಅದು ಬಂದಿದೆ. ಹಳೇ ಗುತ್ತಿಗೆಯವರು ರಾಯಲ್ಟಿಯ ಶೇ 30ರಷ್ಟು, ಹರಾಜಿನಲ್ಲಿ ಪಡೆದವರು ಶೇ 10ರಷ್ಟು ಇದಕ್ಕೆ ಕಟ್ಟಬೇಕು. ಶಿಕ್ಷಣ ಇದರ ಆದ್ಯತೆಯ ಪಟ್ಟಿಯಲ್ಲೇ ಇದೆ. ಆ ಶಿಕ್ಷಣದ ಪಾಲಿನಿಂದ ಬಳ್ಳಾರಿ ಕಡೆ ಒಂದು, ರಾಯಚೂರು ಕಡೆ ಒಂದು ತೆಳು ಪದರದ ಲ್ಯಾಬ್ ಮಾಡಿ. ಕೊಪ್ಪಳದವರಿಗೆ ಎರಡೂ ಹತ್ತಿರ.

ಕೆಲವರು ಸಿಟ್ಟಾಗಬಹುದು. ಗಣಿ ಹಳ್ಳಿಗಳಲ್ಲಿ ಜನ ಕೆಂಪು ಧೂಳು ಕುಡಿಯುತ್ತಿದ್ದಾರೆ, ನಿನಗೆ ಲ್ಯಾಬ್ ಚಿಂತೆನಾ ಅಂತ. ಸರಿಯಾದ ಸಿಟ್ಟೇ. ನೀರು, ಆಸ್ಪತ್ರೆ, ರಸ್ತೆಗೆ ಇಟ್ಟ ಒಂದು ರೂಪಾಯಿಯನ್ನೂ ಮುಟ್ಟಬೇಡಿ. ನಾನು ಕೇಳುತ್ತಿರೋದು ಶಿಕ್ಷಣಕ್ಕೆ ಅಂತ ಇಟ್ಟಿದ್ದರ ಬಗ್ಗೆ. ಕಟ್ಟಡ, ಕಾಂಪೌಂಡು ಕಟ್ಟಿದರೆ ಶಿಕ್ಷಣ ಆಯಿತು ಅನ್ನೋ ಅಭ್ಯಾಸದ ಬಗ್ಗೆ.

ಚೂಪು ಮೊನೆಯನ್ನು ಮೇಲ್ಮೈ ಹತ್ತಿರ ಓಡಾಡಿಸಿ ಒಂದೊಂದು ಪರಮಾಣುವನ್ನೂ ತೋರಿಸುವ ಸ್ಕ್ಯಾನಿಂಗ್ ಟನೆಲಿಂಗ್ ಮೈಕ್ರೊಸ್ಕೋಪೇ ಬೇಕು ಅಂತ ಹಟ ಇಲ್ಲ. 1981ರಲ್ಲಿ ಜ್ಯೂರಿಕ್‌ನಲ್ಲಿ ಬಿನ್ನಿಗ್, ರೋರರ್ ಮಾಡಿದ ಆ ಯಂತ್ರ ಅದ್ಭುತ. ಮೊನೆಗೂ ಮೇಲ್ಮೈಗೂ ನಡುವಿನ ಅಂತರ ಒಂದು ಪರಮಾಣುವಿನ ಅರ್ಧದಷ್ಟು ಬದಲಾದರೂ ಕರೆಂಟು ಸುಮಾರು ಹತ್ತು ಪಟ್ಟು ಏರಿಳಿಯುತ್ತೆ. ಆದರೆ ಅಂಥದ್ದನ್ನು ಸಾಕೋದು ಕಷ್ಟ. ಪದರ ಮಾಡೋದು ಇಲ್ಲೇ ಕಲಿಯಲಿ, ಅಳೆಯೋದಕ್ಕೆ ಇಂದೋರ್‌ಗೆ ಹೋಗಲಿ. ಅಲ್ಲಿ ಇಂಡಸ್-2 ಸಿಂಕ್ರೊಟ್ರಾನ್, ಅಂದರೆ ಪ್ರಖರ ಎಕ್ಸ್-ರೇ ಕೊಡುವ ದೊಡ್ಡ ಯಂತ್ರ ಇದೆ. ವಿಶ್ವವಿದ್ಯಾಲಯಗಳವರಿಗೆ ಇಂಥ ಸೌಲಭ್ಯ ಸಿಗಲಿ ಅಂತಲೇ ಯುಜಿಸಿ ಮತ್ತು ಅಣುಶಕ್ತಿ ಇಲಾಖೆಯ (ಡಿಎಇ) ಒಕ್ಕೂಟವೂ ಇದೆ. ಕೈಯಲ್ಲಿ ಸ್ಯಾಂಪಲ್ ಇಲ್ಲದೆ ಹೋಗಿ ಏನು ಮಾಡೋದು, ಅದೇ ತೊಂದರೆ.

ಅಲ್ಲೀತನಕ ಪಿಯುಸಿ ಲ್ಯಾಬಿನಲ್ಲೂ ಶುರು ಮಾಡಬಹುದು. ಅಗಲ ತಟ್ಟೆಯಲ್ಲಿ ನೀರು, ಮೇಲೆ ತೆಳ್ಳಗೆ ಪೌಡರ್. ಸ್ಪಿರಿಟ್‌ನಲ್ಲಿ ಚೆನ್ನಾಗಿ ತೆಳುಮಾಡಿದ ಓಲೆಯಿಕ್ ಆಮ್ಲದ ಒಂದು ಹನಿ ಬಿಡಿ. ಪೌಡರ್ ಸರ್ರನೆ ಹಿಂದೆ ಸರಿದು ದುಂಡಗೆ ಜಾಗ ಬಿಡುತ್ತೆ. ಹನಿಯಲ್ಲಿದ್ದ ಆಮ್ಲದ ಗಾತ್ರವನ್ನು ಆ ವೃತ್ತದ ವಿಸ್ತೀರ್ಣದಿಂದ ಭಾಗಿಸಿದರೆ ಬರೋದು ಒಂದು ಅಣುವಿನ ಉದ್ದ, ಸುಮಾರು 2 ನ್ಯಾನೋಮೀಟರ್. ಜರ್ಮನಿಯ ಆಗ್ನೆಸ್ ಪಾಕೆಲ್ಸ್ ಎಂಬ ಹೆಣ್ಣುಮಗಳು ಕಾಲೇಜಿನ ಮುಖ ನೋಡದೆ, ಅಡುಗೆಮನೆಯಲ್ಲೇ ತಟ್ಟೆಯ ನೀರಿನ ಮೇಲ್ಮೈ ಅಳೆದರು. 1891ರಲ್ಲಿ ಅವರ ಪತ್ರ ನೇಚರ್ ಪತ್ರಿಕೆಯಲ್ಲಿ ಬಂತು.

ಕೊನೆಗೆ ಒಂದು ಎಚ್ಚರಿಕೆ, ಮಂಜೂರು ಮಾಡುವವರಿಗೆ. ಶುದ್ಧ ಪದರ ಕೂರಿಸೋಕೆ ಒಳಗಿನ ಗಾಳಿ ಎಳೆದು ತೆಗೆಯುವ ನಿರ್ವಾತ ಯಂತ್ರ ಬೇಕು, ಆದರೆ ಅದನ್ನು ಕೊಂಡು ರಿಬ್ಬನ್ ಕತ್ತರಿಸಿದರೆ ಆಗೋದಿಲ್ಲ. ಗಾಳಿಯ ಒತ್ತಡವನ್ನು ಸುಮಾರು 75 ಕೋಟಿಯಲ್ಲಿ ಒಂದು ಪಾಲಿಗೆ ಇಳಿಸಿದರೂ, ಶುದ್ಧ ಮೇಲ್ಮೈ ಮೇಲೆ ಒಂದೇ ಸೆಕೆಂಡಿನಲ್ಲಿ ಒಂದು ಪದರ ಕೊಳೆ ಕೂರಬಹುದು. ನಮ್ಮ ಧೂಳು, ನಮ್ಮ ಬೇಸಿಗೆ ಬೇರೆ. ಪಂಪ್ ಓಡುವಾಗ ಕರೆಂಟು ಹೋಗಿ, ತಣ್ಣೀರು ನಿಂತರೆ ಪಂಪಿನ ಎಣ್ಣೆ ಕೆಡುತ್ತೆ. ಹಾಗಾಗಿ ಯಂತ್ರದ ದುಡ್ಡಿನ ಜೊತೆಗೇ ಜನರೇಟರ್, ಐದು ವರ್ಷದ ರಿಪೇರಿ ಖರ್ಚು, ಕಾಯಂ ಆಗಿ ಒಬ್ಬ ಟೆಕ್ನಿಷಿಯನ್, ಇಷ್ಟನ್ನೂ ಮೊದಲ ದಿನವೇ ಬರೆದು ಸಹಿ ಮಾಡಿ. ಇದು ಆಗೋದಿಲ್ಲ ಅಂದರೆ ಯಂತ್ರವೂ ಬೇಡ, ತಟ್ಟೆ ಮತ್ತು ಪೌಡರ್ ಸಾಕು.